ಹೊಂಗೂದಲಿನ ಹಂಬಲ

ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಿಲಂಗಾದ ಬಂಧುಗಳ ಮನೆಗೆ ಹೋಗಿದ್ದೆವು. ಲಾತೂರಿನಲ್ಲಿ ಓದುತ್ತಿರುವ ಆ ಮನೆಯ ಹುಡುಗಿ ತಲೆಗೆ ವಸ್ತ್ರ ಸುತ್ತಿಕೊಂಡೇ ಊಟಕ್ಕೆ ಬಡಿಸುತ್ತಿದ್ದಳು. ಜ್ವರವೇ ಎಂದು ಕೇಳಿದೆವು. ಉತ್ತರ ಬರಲಿಲ್ಲ, ಅಜ್ಜಿ ಮಾತ್ರ ಕಣ್ಣೊರೆಸಿಕೊಂಡರು. ಹಿಂದಿನ ರಾತ್ರಿ ಆಕೆ ಕೋಣೆಯ ಬಾಗಿಲು ಮುಚ್ಚಿಕೊಂಡು, ಉದಗೀರದ ಪೇಟೆಯಿಂದ ಗೆಳತಿಯ ಕೈಯಲ್ಲಿ ತರಿಸಿದ ಪುಡಿಯನ್ನು ಕಲಸಿ, ನಾಲ್ಕಾರು ಎಳೆಗಳಿಗೆ ಹೊಂಬಣ್ಣ ಬರಿಸಲು ಹೊರಟಿದ್ದಳು. ಎಳೆಗಳು ಹೊನ್ನಾಗಲಿಲ್ಲ, ಕಿತ್ತಳೆಯಾದವು. ಬಾಚಣಿಗೆ ತಾಗಿದೊಡನೆ ತುಂಡಾಗಿ ಕೈಗೆ ಬಂದವು.

ಬಾಗಿಲು ಮುಚ್ಚಿಕೊಂಡದ್ದರಲ್ಲಿ ನಮ್ಮ ಪಾಲೂ ಉಂಟು. ಬೇಸಿಗೆಯಲ್ಲಿ ಈ ಆಸೆಯನ್ನು ಆಕೆ ನಮ್ಮೆದುರಿಗೇ ಹೇಳಿದ್ದಳು. ನಾವು ಮುಖ್ಯೋಪಾಧ್ಯಾಯರ ಗತ್ತಿನಲ್ಲಿ, ಗೋವಿನಜೋಳದ ತೆನೆಯ ಜುಟ್ಟಿನಂತೆ ಕಾಣುವಿಯೆಂದು ಎಲ್ಲರೆದುರು ನಕ್ಕುಬಿಟ್ಟೆವು. ಕೇಳಿ ತಿಳಿಯುವ ದಾರಿ ಅಲ್ಲಿಗೆ ಮುಚ್ಚಿಹೋಯಿತು.

ಅಜ್ಜಿಯ ಕಣ್ಣೀರಿಗೆ ಬೇರೆಯೇ ಕಾರಣವಿತ್ತು. 1972ರ ಬರಗಾಲದಲ್ಲಿ ಅವರು ಎಳೆಯ ಮಕ್ಕಳ ತಾಯಿ. ಬರಗಾಲದ ಕಾಮಗಾರಿಯಲ್ಲಿ ಹಂಚಿದ ಸುಕಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮಕ್ಕಳನ್ನು ಉಳಿಸಿಕೊಂಡವರು. ಆಗ ಮಗುವಿನ ತಲೆ ಕೆಂಚಾಯಿತೆಂದರೆ ಆ ಮನೆಗೆ ಹಸಿವು ಹೊಕ್ಕಿತೆಂದೇ ಅರ್ಥ. ಸಸಾರಜನಕ ಸಾಲದ ಮಕ್ಕಳಿಗೆ ಬರುವ ಈ ಬೇನೆಯನ್ನು 1933ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾ ದೇಶದಲ್ಲಿ ಕಂಡು ವರ್ಣಿಸಿದರು. ಕ್ವಾಶಿಯೋರ್ಕರ್ ಎಂದು ಅದರ ಹೆಸರು. ಕೈಕಾಲು ಬಾಯುತ್ತವೆ, ಕಪ್ಪು ಕೂದಲು ಕೆಂಚಾಗಿ ಸಲೀಸಾಗಿ ಕಿತ್ತು ಬರುತ್ತದೆ. ಊಟ ಸಿಕ್ಕ ತಿಂಗಳು ಕಪ್ಪು, ಸಿಗದ ತಿಂಗಳು ಕೆಂಚು, ಹೀಗೆ ಒಂದೇ ಕೂದಲಿನಲ್ಲಿ ಪಟ್ಟಿ ಪಟ್ಟಿ ಮೂಡುವುದೂ ಉಂಟು. ನಮ್ಮ ಶಿಕ್ಷಕ ತರಬೇತಿಯಲ್ಲಿ ಆರೋಗ್ಯ ತಪಾಸಣೆಯ ಪಾಠ ಹೇಳಿದ ಗುರುಗಳು, ಮಗುವಿನ ಪುಸ್ತಕಕ್ಕಿಂತ ಮೊದಲು ತಲೆ ನೋಡಬೇಕೆನ್ನುತ್ತಿದ್ದರು. ಉಮರಗಾ ತಾಲೂಕಿನ ಶಾಲೆಗಳಲ್ಲಿ ನಾವು ಅಂಥ ತಲೆಗಳನ್ನು ನೋಡಿದ್ದೇವೆ. ಅದೇ ಪಟ್ಟಿಯನ್ನು ಮೊಮ್ಮಗಳು ಹಣ ಕೊಟ್ಟು ತಂದಳೆಂಬುದು ಅಜ್ಜಿಗೆ ನುಂಗಲಾರದ ತುತ್ತಾಯಿತು. ಆದರೆ ಹಸಿವಿನ ಕೆಂಚು ಬೇರೆ, ಹರೆಯದ ಹೊಂಬಣ್ಣ ಬೇರೆ. ಎರಡನೆಯದನ್ನು ಪಾಪವೆಂದು ನಾವು ತಿಳಿಯುವುದಿಲ್ಲ.

ಕರಿಗೂದಲಿಗೆ ಹೊಂಬಣ್ಣ ಬಳಿಯಲಾಗದು. ಮೊದಲು ಒಳಗಿನ ಕಪ್ಪನ್ನು ತೆಗೆಯಬೇಕು. ಕೂದಲಿನ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಬ್ಲೀಚಿನ ಕ್ಷಾರವು ಕೂದಲಿನ ಹೊರಪದರವನ್ನು ಉಬ್ಬಿಸಿ ತೆರೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಹೊಕ್ಕು ವರ್ಣವನ್ನು ಒಡೆಯುತ್ತದೆ. ಕಪ್ಪು ಮೊದಲು ಕೆಂಗಂದು, ಬಳಿಕ ಕಿತ್ತಳೆ, ಕಡೆಗೆ ಹಳದಿಯಾಗುತ್ತದೆ. ಅಂದಮೇಲೆ ಕಿತ್ತಳೆಯೆಂಬುದು ಅರ್ಧದಾರಿಯ ನಿಲ್ದಾಣ. ನಮ್ಮ ಹುಡುಗಿ ಅಲ್ಲಿ ಗಾಬರಿಗೊಂಡು, ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ದುಪ್ಪಟ್ಟು ಹೊತ್ತು ಲೇಪವನ್ನು ಬಿಟ್ಟಳು. (ಸೂಚನೆಗಳೋ ಇಂಗ್ಲಿಷಿನಲ್ಲಿ, ಅಕ್ಷರಗಳೋ ಸಾಸಿವೆಗಿಂತ ಸಣ್ಣವು!) ಮುಚ್ಚಿದ ಕೋಣೆಯೂ ತಪ್ಪೇ. ಆ ಪುಡಿಯಲ್ಲಿರುವ ಪರ್ಸಲ್ಫೇಟ್ ಲವಣಗಳು ಕೆಲವರಿಗೆ ಉಬ್ಬಸ ತರಿಸುತ್ತವೆ. ಗಾಳಿಯಾಡುವ ಕಡೆ ಕುಳಿತು ಹಚ್ಚಬೇಕು.

ಇನ್ನೊಂದು ಸಂಗತಿಯನ್ನು ತಾಯಂದಿರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆ ತಲೆಗೆ ಹಿಂದೆ ಏನೇನು ಬಿದ್ದಿದೆ? ಅಪ್ಪಟ ಮದರಂಗಿಯ ಬಣ್ಣ ಸುಲಭವಾಗಿ ಹೋಗದು, ಬ್ಲೀಚಿನಲ್ಲಿಯೂ ಕೆಂಪು ಉಳಿಯುತ್ತದೆ. ಪೇಟೆಯ ಕೆಲವು ಬೆರಕೆ ಮದರಂಗಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅವು ಪೆರಾಕ್ಸೈಡಿಗೆ ಸೇರಿದರೆ ಕೂದಲು ಕಾಯ್ದು ಮುರಿಯಬಹುದು. ‘ಕರಿ ಮೆಹಂದಿ’ಯ ಕಪ್ಪಾದರೋ ಬಹುಪಾಲು ಪ್ಯಾರಾಫಿನಲೀನ್‌ಡೈಅಮೀನ್ ಎಂಬ ರಾಸಾಯನಿಕದ್ದು. ಅದು ಒಮ್ಮೆ ಮೈಗೆ ಒಗ್ಗದೆಂದಾದರೆ ಬಹುಮಟ್ಟಿಗೆ ಜೀವಮಾನವೆಲ್ಲ ಒಗ್ಗದು. ಮುಖ ಬಾತು ಕಣ್ಣು ಮುಚ್ಚಿಹೋಗುವುದೂ ಉಂಟು. ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ; ಮಕ್ಕಳಿಗೆ ಎಟುಕದಂತೆ ಇಡಿರಿ. ಆದ್ದರಿಂದ ಯಾವ ಬಣ್ಣವೇ ಇರಲಿ, 48 ಗಂಟೆ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ತುಸು ಹಚ್ಚಿ ನೋಡಬೇಕು. ಬ್ಲೀಚಾದರೆ ಕತ್ತಿನ ಹಿಂದಿನ ಒಂದೇ ಎಳೆಯ ಮೇಲೆ ಪರೀಕ್ಷಿಸಬೇಕು. ನಿಲಂಗಾದ ಆ ಮನೆಯಲ್ಲಿ ವರ್ಷಗಳಿಂದ ಕರಿ ಮೆಹಂದಿಯ ರೂಢಿಯಿತ್ತು.

ಬಣ್ಣದ ಆಯ್ಕೆಯಲ್ಲಿ ನಮ್ಮ ಅಭಿಪ್ರಾಯ ಕೇಳಿದರೆ, ಬಿಳಿಹೊನ್ನಿನ ಗೊಡವೆ ಬೇಡ. ಅಷ್ಟು ಕಪ್ಪು ತೆಗೆಯಬೇಕಾದರೆ ಕೂದಲಿನ ಕಸುವೂ ಹೋಗುತ್ತದೆ. ಜೇನುಬಣ್ಣ, ತಾಮ್ರಬಣ್ಣಗಳು ನಮ್ಮ ಮೈಬಣ್ಣಕ್ಕೂ ಒಪ್ಪುತ್ತವೆ. ತಲೆಯೆಲ್ಲ ಬಿಟ್ಟು ಮುಖದ ಇಬ್ಬದಿಯ ಸಪೂರ ಎಳೆಗಳಿಗೆ, ಬುಡದಿಂದ ನಾಲ್ಕು ಬೆರಳು ಕೆಳಗೆ ಹಚ್ಚಿಸಿದರೆ ನೆತ್ತಿಗೆ ತಾಗದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಹಚ್ಚಿದವರಿಗೆ ಎರಡು ತಿಂಗಳಲ್ಲೇ ಕರಿಯ ಅಂಚು ಕಾಣುತ್ತದೆ, ಮತ್ತೆ ಖರ್ಚು.

ಆರೈಕೆಯ ಕಷ್ಟ ನಮ್ಮ ಸೀಮೆಗೆ ಹೆಚ್ಚು. ಇಲ್ಲಿಯ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಬ್ಲೀಚಾದ ಕೂದಲು ರಂಧ್ರಮಯವಾಗಿ ಆ ನೀರಿನ ಲವಣಗಳನ್ನು ಹೀರಿ ಮಂಕಾಗುತ್ತದೆ. ಕಡೆಯ ಎರಡು ತಂಬಿಗೆಯಾದರೂ ಮಳೆನೀರೋ ಶುದ್ಧೀಕರಿಸಿದ ನೀರೋ ಆಗಿರಲಿ. ಹಳದಿ ಹೆಚ್ಚಾಗಿ ಕಂಡರೆ ವಾರಕ್ಕೊಮ್ಮೆ ನೇರಳೆ ಬಣ್ಣದ ಶಾಂಪೂ ಸಾಕು. ನೇರಳೆ ಹಳದಿಯನ್ನು ತಗ್ಗಿಸುತ್ತದೆಂಬುದು ಚಿತ್ರಕಲೆಯ ಪಾಠವೇ. ಮೀಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಹಳೆಯ ಪದ್ಧತಿ ಇಲ್ಲಿಯೂ ಸರಿಯೇ. ಅದು ಕೂದಲಿನೊಳಗೆ ಇಳಿದು ಸಸಾರಜನಕದ ನಷ್ಟವನ್ನು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಸೂರ್ಯಕಾಂತಿ ಎಣ್ಣೆಗೆ ಆ ಗುಣ ಕಂಡುಬರಲಿಲ್ಲ. ವೈಶಾಖದ ಬಿಸಿಲಿಗೆ ಸೆರಗೋ ದುಪಟ್ಟಾವೋ ಇದ್ದೇ ಇದೆ.

ಮುರಿದ ಎಳೆಗಳಿಗೆ ಮದ್ದಿಲ್ಲ, ಕತ್ತರಿಯೊಂದೇ. ಹುಡುಗಿಯ ಜಡೆ ಈಗ ಭುಜದವರೆಗೆ ಬಂದು ನಿಂತಿದೆ. ನಾವು ಆಕೆಯ ಕ್ಷಮೆ ಕೇಳಿದೆವು. ಆಕೆ ನಕ್ಕಳು, ಪೂರ್ತಿ ಕ್ಷಮಿಸಿದಂತೆ ಕಾಣಲಿಲ್ಲ. ಶನಿವಾರ ಲಾತೂರಿನಿಂದ ಬಂದಾಗ ಅಜ್ಜಿಯೇ ಕೂರಿಸಿಕೊಂಡು ಎಣ್ಣೆ ಹಚ್ಚುತ್ತಾರಂತೆ. ಬುಡ ಎಷ್ಟು ಬೆಳೆಯಿತೆಂದು ಬೆರಳಿಟ್ಟು ಅಳೆದು, ಆ ಜೇನುಬಣ್ಣವೆಂದರೆ ಹೇಗಿರುತ್ತದೆಂದು ಮೊನ್ನೆ ತಾವೇ ವಿಚಾರಿಸಿದರಂತೆ.