ಕರೆಂಟ್ ಬಂತಾ?

ತಿಂಗಳ ನಡುಭಾಗ ಬಂತೆಂದರೆ ಅಮ್ಮನ ಪ್ರಶ್ನೆ ಒಂದೇ. “ಏನಾಯ್ತೇ, ಅವನಿಗೆ ಕರೆಂಟ್ ಬಂತಾ?” ಮೊದಲ ಸಲ ಇದನ್ನು ಕೇಳಿದ ನೆಂಟರು, ಅಮೆರಿಕದಲ್ಲೂ ಪವರ್ ಕಟ್ ಇದೆಯಾ ಎಂದು ನನ್ನ ಮುಖ ನೋಡುತ್ತಾರೆ. ಅಮ್ಮ ಕೇಳುತ್ತಿರುವುದು ನನ್ನ ತಮ್ಮನ ಗ್ರೀನ್ ಕಾರ್ಡ್ ಸರದಿಯ ವಿಚಾರ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಂದು ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ವರ್ಗಕ್ಕೊಂದು, ದೇಶಕ್ಕೊಂದು ತಾರೀಖು ಇರುತ್ತದೆ. ನಮ್ಮ ಅರ್ಜಿಯ ತಾರೀಖು ಅದಕ್ಕಿಂತ ಹಿಂದಿನದಾದರೆ ನಾವು ‘ಕರೆಂಟ್’. ಇಲ್ಲವಾದರೆ ಮುಂದಿನ ತಿಂಗಳು ನೋಡಬೇಕು.

ತಮ್ಮ ಕೆಲಸದ ವೀಸಾದ ಮೇಲೆ ನ್ಯೂಜೆರ್ಸಿಗೆ ಹೋದದ್ದು 2010ರಲ್ಲಿ. ಅವನ ಅರ್ಜಿಯ ತಾರೀಖು 2014ರ ಆಗಸ್ಟ್ 11. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೂಲೆಯಲ್ಲಿ ಅಮ್ಮ ಪ್ರತಿ ತಿಂಗಳೂ ಬುಲೆಟಿನ್ ತಾರೀಖನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಾಳೆ. 2025ರ ಜನವರಿ ಹಾಳೆಯಲ್ಲಿ 1-10-2012 ಇತ್ತು. ಏಪ್ರಿಲ್‌ನಲ್ಲಿ 1-1-2013 ಆಯಿತು. ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಐದೂ ಹಾಳೆಗಳಲ್ಲಿ ಅದೇ 1-1-2013. ಒಂಬತ್ತು ತಿಂಗಳ ಕಾಯುವಿಕೆಗೆ ಸಾಲು ಸರಿದದ್ದು ಮೂರು ತಿಂಗಳು.

ಯಾಕೆ ಹೀಗೆ? ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ 1,40,000. ಈ ಸಂಖ್ಯೆಯನ್ನು ಗೊತ್ತುಮಾಡಿದ್ದು 1990ರ ಕಾನೂನು. ಅದರೊಳಗೆ ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಸೇರುತ್ತಾರೆ. ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಇಲ್ಲ. ತಮ್ಮನಿರುವ ಇಬಿ-2 ವರ್ಗದಲ್ಲಿ ಭಾರತದ ಪಾಲಿಗೆ ಬರುವುದು ಸುಮಾರು 2,800. ಬೇರೆ ದೇಶದವರು ಬಳಸದೆ ಬಿಟ್ಟದ್ದು ಕೆಲವು ವರ್ಷ ನಮ್ಮವರಿಗೆ ಸಿಗುತ್ತದೆ, ಕೆಲವು ವರ್ಷ ಸಿಗುವುದಿಲ್ಲ. ಮೈಸೂರು ನಗರದ ಅರ್ಧದಷ್ಟೂ ಜನರಿಲ್ಲದ ಐಸ್‌ಲ್ಯಾಂಡಿಗೂ ಮಿತಿ ಇಷ್ಟೇ, ನೂರ ನಲವತ್ತು ಕೋಟಿಯ ನಮಗೂ ಇಷ್ಟೇ.

ಆದರೆ ಕೆಲಸಕ್ಕೆ ಕರೆಸಿಕೊಳ್ಳುವ ಎಚ್-1ಬಿ ವೀಸಾಕ್ಕೆ ದೇಶವಾರು ಮಿತಿಯೇ ಇಲ್ಲ. ಆ ವೀಸಾ ಪಡೆಯುವ ಹತ್ತು ಜನರಲ್ಲಿ ಏಳು ಜನ ಭಾರತದವರು. ಕರೆಯುವಾಗ ಹೆಬ್ಬಾಗಿಲು ತೆರೆದು, ಇರಿಸಿಕೊಳ್ಳುವಾಗ ಕಿಂಡಿಯಲ್ಲಿ ಮಾತಾಡಿಸಿದ ಹಾಗೆ. ಈ ಸಾಲಿನ ಮೂಲ ಇರುವುದು ಇಲ್ಲಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ದೇಶ. ತಮ್ಮನ ಜೊತೆ ಓದಿದ ಗೆಳೆಯನೊಬ್ಬ, ಅವರಪ್ಪ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದವನು. ಅದೇ ಕಾಲೇಜು, ಅದೇ ಡಿಗ್ರಿ, ಅದೇ ವರ್ಷದ ಅರ್ಜಿ. ಅವನಿಗೆ ಎರಡೇ ವರ್ಷದಲ್ಲಿ ಕಾರ್ಡ್ ಬಂತು. ಈಗ ಅವನು ಅಲ್ಲಿನ ಮತದಾರ. ಅವನ ಬಗ್ಗೆ ನಮಗೆ ಸಂತೋಷವೇ ಇದೆ. ಆದರೆ ಹೆರಿಗೆ ಆಸ್ಪತ್ರೆ ಯಾವ ದೇಶದಲ್ಲಿತ್ತು ಅನ್ನುವುದು ಒಬ್ಬ ಮನುಷ್ಯನ ಹತ್ತು-ಹದಿನೈದು ವರ್ಷವನ್ನು ನಿರ್ಧರಿಸಬಾರದು.

ತಮ್ಮ ತನ್ನ ಕಷ್ಟ ಹೇಳಿಕೊಳ್ಳುವವನಲ್ಲ. ಐ-140, ಅಂದರೆ ಅವನಿಗಾಗಿ ಕಂಪನಿ ಹಾಕಿದ ಅರ್ಜಿ, ಒಪ್ಪಿಗೆಯಾಗಿರುವುದರಿಂದ ಎಚ್-1ಬಿಯ ಆರು ವರ್ಷದ ಮಿತಿ ದಾಟಿದ ಮೇಲೂ ಮೂರು ಮೂರು ವರ್ಷಕ್ಕೆ ವೀಸಾ ಮುಂದುವರಿಯುತ್ತದೆ. ಕೆಲಸ ಹೋದರೆ ಕೈಯಲ್ಲಿರುವುದು 60 ದಿನ. ನಾದಿನಿ ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು, ಅಲ್ಲಿ ಐದು ವರ್ಷ ಮನೆಯಲ್ಲೇ ಕೂತಳು. ಎಚ್-1ಬಿಯವರ ಸಂಸಾರಕ್ಕೆ ಕೊಡುವ ಎಚ್-4 ವೀಸಾದ ಹೆಂಡತಿಯರಿಗೆ ಕೆಲಸದ ಅನುಮತಿ ಸಿಗಲು ಶುರುವಾದದ್ದು 2015ರ ಮೇ ತಿಂಗಳಲ್ಲಿ. ಇದನ್ನೆಲ್ಲ ದೊಡ್ಡವರು ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಮಗಳ ವಿಷಯ.

ನನ್ನ ಸೊಸೆ, ತಮ್ಮನ ಹಿರಿಮಗಳು, ಮೈಸೂರಿನಲ್ಲಿ 2008ರ ಮಾರ್ಚಿನಲ್ಲಿ ಹುಟ್ಟಿದಳು. ಎರಡು ವರ್ಷದ ಕೂಸಾಗಿ ಹೋದಳು. ಅವಳ ತಮ್ಮ ಹುಟ್ಟಿದ್ದು ಅಲ್ಲೇ, ಹಾಗಾಗಿ ಅವನು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಒಂದೇ ಮನೆ, ಒಂದೇ ತಟ್ಟೆಯ ಚಿತ್ರಾನ್ನ, ಎರಡು ಬಗೆಯ ಬದುಕು. ಗೆಳತಿಯರೆಲ್ಲ ರಜೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡಿ ನಾಲ್ಕು ಕಾಸು ಕಂಡರೆ ಇವಳಿಗೆ ಆ ಅನುಮತಿ ಇಲ್ಲ. ಕಾಲೇಜಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿ ನೆರವಿಗೂ ಇವಳು ಅರ್ಹಳಲ್ಲ. ಅಪ್ಪನ ಅರ್ಜಿಯಲ್ಲಿ ಅವಳ ಹೆಸರು ಇರುವುದು 21 ತುಂಬುವವರೆಗೆ. 2029ರ ಮಾರ್ಚಿಗೆ ಆ ವಯಸ್ಸು ಬರುತ್ತದೆ.

ಅಮ್ಮನ ಪೆನ್ಸಿಲ್ ಲೆಕ್ಕ ಹಾಕಿ ನೋಡಿ. 2013ರ ಜನವರಿಯಿಂದ 2014ರ ಆಗಸ್ಟ್‌ಗೆ ಹತ್ತೊಂಬತ್ತು ತಿಂಗಳು. 2025ರ ಆ ವೇಗದಲ್ಲಿ ಅದನ್ನು ದಾಟಲು ಸುಮಾರು ಐದು ವರ್ಷ ಬೇಕಿತ್ತು. ಆ ಸೆಪ್ಟೆಂಬರಿನಲ್ಲಿ ಅವಳಿಗಿದ್ದದ್ದು ಮೂರೂವರೆ.

ಮಕ್ಕಳ ವಯಸ್ಸಿಗೆ ರಕ್ಷಣೆ ಕೊಡಲೆಂದು 2002ರಲ್ಲೇ ಒಂದು ಕಾನೂನು ಬಂದಿದೆ. ಅದರ ಪ್ರಕಾರ ಐ-140 ಎಷ್ಟು ದಿನ ಕಚೇರಿಯಲ್ಲಿ ಬಾಕಿ ಇತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಸಾಲಿನಲ್ಲಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ತಮ್ಮನ ಕಂಪನಿ ಆಗ ಹೆಚ್ಚಿನ ಶುಲ್ಕ ಕಟ್ಟಿ 15 ದಿನದೊಳಗೇ ಒಪ್ಪಿಗೆ ತರಿಸಿತ್ತು. ಆಗ ನಾವೆಲ್ಲ ಖುಷಿಪಟ್ಟಿದ್ದೆವು. ಆ ಆತುರದಿಂದಾಗಿ ಈಗ ಹುಡುಗಿಯ ಲೆಕ್ಕಕ್ಕೆ ಸಿಗುವುದು ಹೆಚ್ಚೆಂದರೆ 15 ದಿನ. ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿರುತ್ತವೆ. ಅರ್ಜಿ ಹಾಕಬಹುದಾದ ತಾರೀಖಿನದು ಒಂದು, ಕಾರ್ಡ್ ಕೊಡುವ ತಾರೀಖಿನದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಒಂದಷ್ಟು ಮುಂದಿರುತ್ತದೆ. 2023ರ ಫೆಬ್ರವರಿಯಿಂದ ಮಕ್ಕಳ ವಯಸ್ಸನ್ನು ಆ ಮೊದಲ ಪಟ್ಟಿಯಿಂದ ಲೆಕ್ಕ ಹಾಕುತ್ತಿದ್ದರು. 2025ರ ಆಗಸ್ಟ್ 15ರಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಎರಡನೆಯದಕ್ಕೇ ಕಟ್ಟಿಹಾಕಿದ್ದಾರೆ.

21 ತುಂಬಿದರೆ ಅವಳು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಓದು ಮುಗಿಸಿ, ಎಚ್-1ಬಿ ಲಾಟರಿಯಲ್ಲಿ ಹೆಸರು ಬಂದರೆ ತನ್ನದೇ ಹೊಸ ಅರ್ಜಿ, ಹೊಸ ತಾರೀಖು. ಆರನೇ ವಯಸ್ಸಿನಿಂದ ಸಾಲಿನಲ್ಲಿ ನಿಂತವಳು ಅದರ ಬಾಲಕ್ಕೆ ಹೋಗಿ ನಿಲ್ಲಬೇಕು.

“ಯಾರು ಹೋಗು ಅಂದ್ರು? ವಾಪಸ್ ಬರ್ಲಿ” ಎಂದು ಮದುವೆ ಮನೆಗಳಲ್ಲಿ ಹೇಳುವವರಿದ್ದಾರೆ. ತಮ್ಮನಿಗೆ ಈ ಮಾತು ಹೇಳಿದರೆ ನಾನು ಸುಮ್ಮನಿರುತ್ತೇನೆ. ಅವನು ತಿಳಿದೇ ಹೋದವನು, ಬೇಕೆಂದರೆ ಬರುತ್ತಾನೆ. ಆದರೆ ಎರಡು ವರ್ಷದ ಕೂಸು ಯಾವುದನ್ನು ಆರಿಸಿಕೊಂಡಿತ್ತು? ಅವಳಿಗೆ ಗೊತ್ತಿರುವ ಶಾಲೆ, ರಸ್ತೆ, ಹಿಮ, ಗೆಳತಿಯರು ಎಲ್ಲ ಅಲ್ಲಿನವೇ. ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ.

ದನಿ ಎತ್ತಿದರೆ ಕೇಳಿಸುವುದಿಲ್ಲ ಎಂದೇನಿಲ್ಲ. 2007ರ ಜುಲೈ ಬುಲೆಟಿನ್‌ನಲ್ಲಿ ಉದ್ಯೋಗದ ಹೆಚ್ಚುಕಡಿಮೆ ಎಲ್ಲ ವರ್ಗಗಳನ್ನೂ ‘ಕರೆಂಟ್’ ಎಂದು ಘೋಷಿಸಿದ್ದರು. ಜನ ರಜೆ ಹಾಕಿ, ವೈದ್ಯಕೀಯ ಪರೀಕ್ಷೆ ಮಾಡಿಸಿ, ಕಾಗದಪತ್ರ ಜೋಡಿಸಿಕೊಂಡು ಅರ್ಜಿ ಕಳಿಸಿದರು. ಜುಲೈ 2ರಂದು, ಇನ್ನು ಒಂದು ಕಾರ್ಡೂ ಉಳಿದಿಲ್ಲ ಎಂಬ ಪ್ರಕಟಣೆ ಬಂತು. ನಮ್ಮವರು ಬೀದಿಯಲ್ಲಿ ಕಲ್ಲು ತೂರಲಿಲ್ಲ. ಗಾಂಧಿಗಿರಿ ಎಂದು ಹೆಸರಿಟ್ಟು, ವಲಸೆ ಇಲಾಖೆಯ ಮುಖ್ಯಸ್ಥರ ಹೆಸರಿಗೆ ನೂರಾರು ಹೂಗುಚ್ಛ ಕಳಿಸಿದರು. ಅವರು ಆ ಹೂಗಳನ್ನು ಗಾಯಾಳು ಸೈನಿಕರಿದ್ದ ವಾಲ್ಟರ್ ರೀಡ್ ಆಸ್ಪತ್ರೆಗೆ ಕಳಿಸಿಕೊಟ್ಟರು. ಜುಲೈ 17ರಂದು ಸರ್ಕಾರ ತನ್ನ ಮಾತು ಹಿಂತೆಗೆದುಕೊಂಡು, ಆಗಸ್ಟ್ 17ರವರೆಗೆ ಅರ್ಜಿ ಪಡೆಯಿತು. ಆ ಹೂಗಳ ಕಥೆ ಕೇಳಿದಾಗಲೆಲ್ಲ ನನಗೆ ಎದೆ ತುಂಬುತ್ತದೆ.

ಆಮೇಲೆ ಏನಾಯಿತು? ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ತನ್ನದೇ ರೂಪದಲ್ಲಿ ಒಪ್ಪಿತು. ಎರಡೂ ಸೇರಿ ಒಂದಾಗುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು. ಇಂಥ ಮಕ್ಕಳಿಗಾಗಿಯೇ 2021ರಲ್ಲಿ ಮಂಡಿಸಿದ ಮಸೂದೆಯೂ ಇನ್ನೂ ಕಾನೂನಾಗಿಲ್ಲ.

ಸಾಲನ್ನೇ ಅಳಿಸಿ ಎಂದು ನಾನು ಕೇಳುತ್ತಿಲ್ಲ. ಅಪ್ಪನ ಅರ್ಜಿಯ ತಾರೀಖಿನ ದಿನ ಮಗುವಿಗೆ ಎಷ್ಟು ವಯಸ್ಸೋ ಅದನ್ನೇ ಬರೆದಿಟ್ಟುಕೊಳ್ಳಲಿ. ಅದಕ್ಕೆ ಒಂದು ಗ್ರೀನ್ ಕಾರ್ಡೂ ಹೆಚ್ಚಿಗೆ ಬೇಕಿಲ್ಲ. ಇದನ್ನು ಕೇಳಲು ತಮ್ಮನಿಗೆ ಅಲ್ಲಿ ಮತವಿಲ್ಲ, ನನಗಂತೂ ಇಲ್ಲವೇ ಇಲ್ಲ. ಮತವಿರುವುದು ಮೊದಲೇ ಹೋಗಿ ಪ್ರಜೆಗಳಾದ ಕನ್ನಡಿಗರಿಗೆ. ನಿಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹಾಡುವ, ಕುಣಿಯುವ ಹುಡುಗಿಯರಲ್ಲಿ ಎಷ್ಟು ಜನ ಇಂಥವರಿದ್ದಾರೆ ಎಂದು ಈ ನವೆಂಬರಿನಲ್ಲಿ ಒಮ್ಮೆ ಕೇಳಿ ನೋಡಿ. ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಒಂದು ಕಾಗದ ಬರೆಯಿರಿ, ಕಚೇರಿಗೆ ಫೋನ್ ಮಾಡಿ. ನಿಮ್ಮ ದನಿಗೆ ಅಲ್ಲಿ ಬೆಲೆ ಇದೆ.

ಹೋದ ಭಾನುವಾರ ಅವಳೇ ವಿಡಿಯೋ ಕಾಲ್ ಮಾಡಿದ್ದಳು. ಕಾಲೇಜಿನ ಅರ್ಜಿ ತುಂಬುತ್ತಿದ್ದಳು. “ಅತ್ತೆ, ಪರ್ಮನೆಂಟ್ ಅಡ್ರೆಸ್ ಅಂತ ಕೇಳಿದಾರೆ. ಮೈಸೂರಿಂದು ಹಾಕ್ಲಾ?” ಹಾಕು ಪುಟ್ಟಿ ಅಂದೆ. ಮನೆ ನಂಬರ್, ಕ್ರಾಸು, ಪಿನ್ ಕೋಡ್ ನಿಧಾನವಾಗಿ ಹೇಳಿದೆ. ಸರಸ್ವತಿಪುರಂ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಎರಡು ಸಲ ಕೇಳಿ ಬರೆದುಕೊಂಡಳು.