ಮುಳ್ಳಿಗೆಲ್ಲ ಯಾಕ ದವಾಖಾನಿ?

“ಬಿಡೋ ತಮ್ಮಾ, ಮುಳ್ಳಿಗೆಲ್ಲ ಯಾಕ ದವಾಖಾನಿ? ಟೀಟಿ ಸೂಜಿ ಮಾಡಿಸೀದಿಲ್ಲೋ?”

ಚಡಚಣದಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ಹಿರಿಯರೊಬ್ಬರು ಕುಂಟುತ್ತಿದ್ದ ಹುಡುಗನಿಗೆ ಹೇಳಿದ ಮಾತಿದು. ನಿಂಬೆ, ದಾಳಿಂಬೆ, ಬದುವಿನ ಮೇಲೆ ಬಳ್ಳಾರಿ ಜಾಲಿ, ಹೀಗೆ ಮುಳ್ಳು ತಪ್ಪದ ಸೀಮೆಯಲ್ಲಿ ಮಾತಿನ ಮೊದಲರ್ಧ ಸಹಜವೇ. ಸಿಟ್ಟು ಬರಿಸುವುದು ಎರಡನೆಯದು. ಆ ಸೂಜಿ ಮುಖ್ಯವಾಗಿ ತಡೆಯುವುದು ಧನುರ್ವಾಯುವನ್ನು. ಮುಳ್ಳಿನ ಜೊತೆ ಒಳಹೊಕ್ಕ ಉಳಿದ ಮಣ್ಣಿನ ಜೀವಿಗಳಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ. ಎಷ್ಟು ಸಲ ಹೇಳಿದರೂ ಈ ತಪ್ಪು ತಿಳಿವಳಿಕೆ ಹೋಗುತ್ತಿಲ್ಲ.

ಮುಳ್ಳಿನ ಮಾತು ಬಂದರೆ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಎಂಬ ವೈದ್ಯ ಬರಲೇಬೇಕು. 1858ರ ‘ಗ್ರೇಸ್ ಅನಾಟಮಿ’ ಎಂಬ ಅಂಗರಚನಾ ಗ್ರಂಥದ ಚಿತ್ರಗಳು ಅವನವು, ಹೆಸರು ಉಳಿದದ್ದು ಮಾತ್ರ ಗ್ರೇಯದು. ಅದೇ ವರ್ಷ ಮುಂಬಯಿಗೆ ಬಂದವನು ಮುಂದೆ ಸಾತಾರದಲ್ಲಿ ಸಿವಿಲ್ ಸರ್ಜನ್ ಆದ. ಆಗ ವಿಜಯಪುರ ಸೀಮೆಯೂ ಮುಂಬಯಿ ಪ್ರಾಂತ್ಯದ್ದೇ. ಬರಿಗಾಲಲ್ಲಿ ದುಡಿಯುವವರ ಊದಿದ ಪಾದ, ಅದರ ತುಂಬ ತೂತು, ತೂತಿನಿಂದ ಕೀವಿನೊಡನೆ ಒಸರುವ ಸಣ್ಣ ಕಾಳು: ಮುಳ್ಳಿನ ಜೊತೆ ಒಳಹೊಕ್ಕ ಮಣ್ಣಿನ ಜೀವಿಗಳಿಂದ ಬರುವ, 1842ರಲ್ಲಿ ಮಧುರೈಯಲ್ಲಿ ಗಿಲ್ ಎಂಬ ವೈದ್ಯ ವರ್ಣಿಸಿದ್ದ ರೋಗವದು. ಕಾರ್ಟರ್ ಆ ಕಾಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಶಿಲೀಂಧ್ರವೆಂದು ಗುರುತಿಸಿ, ಮೈಸೆಟೋಮಾ ಎಂದು ಹೆಸರಿಟ್ಟ. 1874ರಲ್ಲಿ ಅದರ ಬಗ್ಗೆಯೇ ಒಂದು ಗ್ರಂಥ ತಂದ. ಇಪ್ಪತ್ತು ವರ್ಷದ ಮೇಲೆ ವಿನ್ಸೆಂಟ್ ಎಂಬ ಇನ್ನೊಬ್ಬ ವೈದ್ಯ, ಇದರ ಒಂದು ಬಗೆಗೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ. ಕಪ್ಪು ಕಾಳು ಶಿಲೀಂಧ್ರದ್ದು, ಕೆಂಪು ಬ್ಯಾಕ್ಟೀರಿಯಾದ್ದು, ಬಿಳಿಯದು ಎರಡರಲ್ಲಿ ಯಾವುದೂ ಆಗಬಹುದು. ಎರಡಕ್ಕೂ ಔಷಧ ಬೇರೆ. ಕಾಳು ಪರೀಕ್ಷಿಸದೆ ಅಂಗಡಿಯಲ್ಲಿ ಕೊಟ್ಟ ಗುಳಿಗೆ ನೆಚ್ಚುವಂತಿಲ್ಲ.

ರೋಗವನ್ನು ಇಷ್ಟು ಹಿಂಬಾಲಿಸಿದ ಮೇಲೆ ಯಾವ ಮುಳ್ಳು, ಯಾವ ಜೀವಿ ಎಂಬ ಪ್ರಶ್ನೆಗಳಿಗಿಂತ ದೊಡ್ಡದಾಗಿ ಕಾಣುವುದು ವೈದ್ಯರ ಬಳಿ ಹೋಗಲು ಆಗುವ ತಡ. ಈ ರೋಗ ಬಹುಕಾಲ ನೋಯುವುದೇ ಇಲ್ಲ. ಮುಳ್ಳು ನಟ್ಟದ್ದು ಮರೆತು ತಿಂಗಳು, ಕೆಲವೊಮ್ಮೆ ವರ್ಷಗಳಾದ ಮೇಲೆ ಗಂಟು ಕಾಣಿಸುತ್ತದೆ. ನೋವಿಲ್ಲದ ಗಂಟಿಗಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಯಾರು ವಿಜಯಪುರಕ್ಕೆ ಹೋದಾರು? ಅಷ್ಟರಲ್ಲಿ ಸೋಂಕು ಎಲುಬಿಗೆ ಇಳಿಯುತ್ತದೆ. ಕೈಮೀರಿದರೆ ಕಾಲನ್ನೇ ತೆಗೆಯಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ, ಕಾರ್ಟರನ ಗ್ರಂಥ ಬಂದು 142 ವರ್ಷಗಳಾದ ಮೇಲೆ.

ಹೊಲಕ್ಕೆ ಹೋಗುವಾಗ ಕಾಲಿಗೆ ಮೆಟ್ಟು ಇರಲಿ. ಮುಳ್ಳು ನಟ್ಟರೆ ಪೂರ್ತಿ ತೆಗೆಸಿ, ಸಾಬೂನು ಹಾಕಿ ತೊಳೆಯಿರಿ. ಮನೆಯಲ್ಲಿ ಯಾರ ಪಾದದಲ್ಲಾದರೂ ನೋಯದ ಗಂಟು ಬೆಳೆಯುತ್ತಿದ್ದರೆ ಈ ವಾರವೇ ಚರ್ಮರೋಗ ವೈದ್ಯರಿಗೆ ತೋರಿಸಿ. ಕಾಳು ಒಸರುತ್ತಿದ್ದರೆ ಅದನ್ನು ಪರೀಕ್ಷೆಗೆ ಕಳಿಸಿರೆಂದು ನೀವಾಗಿಯೇ ಕೇಳಿ.