ಹುಳುವಿನ ಮದ್ದಿಗೆ ಕನ್ನಡ, ಮನುಷ್ಯನ ಮಾತ್ರೆಗೆ ಯಾಕಿಲ್ಲ?

ಕನ್ನಡದ ತರುಣ ತರುಣಿಯರೇ,

ಮೂಗು ಸೋರತೊಡಗಿದರೆ ನೀವೇನು ಮಾಡುತ್ತೀರಿ? ಡಾಕ್ಟರ ಬಳಿ ಹೋಗಲು ಯಾರಿಗಿದೆ ಪುರಸೊತ್ತು! ರಸ್ತೆ ಮೂಲೆಯ ಮೆಡಿಕಲ್ ಸ್ಟೋರಿಗೆ ಹೋಗಿ "ನೆಗಡಿಗೆ ನಾಲ್ಕು ಮಾತ್ರೆ ಕೊಡಿ" ಅನ್ನುತ್ತೀರಿ. ಅಂಗಡಿಯವನು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ನುಂಗಿ ಬೈಕ್ ಹತ್ತುತ್ತೀರಿ. ಆ ತುಂಡಿನ ಬೆನ್ನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಏನಿದೆಯೆಂದು ಒಮ್ಮೆಯಾದರೂ ಓದಿದ್ದೀರಾ?

ಓದಿರಲಿಕ್ಕಿಲ್ಲ. ನೀವು ಓದಲಿ ಎಂದು ಅದನ್ನು ಯಾರೂ ಬರೆದೂ ಇಲ್ಲ. ಆದ್ದರಿಂದ ಅಲ್ಲಿರುವುದನ್ನು ನಾವೇ ಕನ್ನಡದಲ್ಲಿ ಹೇಳಿಕೊಳ್ಳೋಣ.

ನೆಗಡಿ ಮಾತ್ರೆ ಅಂದರೆ ಸಾಮಾನ್ಯವಾಗಿ ಎರಡು ಮೂರು ಔಷಧಗಳ ಮಿಶ್ರಣ. ಇದು ನೆಗಡಿಯನ್ನು ವಾಸಿ ಮಾಡುವುದಿಲ್ಲ. ಅದು ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಮಾತ್ರೆ ಕೊಡುವುದು ಅಲ್ಲಿಯವರೆಗಿನ ನೆಮ್ಮದಿ ಮಾತ್ರ.

ಮೊದಲನೆಯದು ಕ್ಲೋರ್‌ಫೆನಿರಮೈನ್. ಇದು ಅಲರ್ಜಿಯ ಔಷಧ. ಸೀನು, ಮೂಗಿನ ಸೋರಿಕೆ ಕಡಿಮೆ ಮಾಡುತ್ತದೆ. ಜೊತೆಗೆ ನಿದ್ದೆಯನ್ನೂ ಎಳೆದು ತರುತ್ತದೆ. ಇದನ್ನು ನುಂಗಿ ಗಾಡಿ ಓಡಿಸಬೇಡಿ, ಯಂತ್ರದ ಮುಂದೆ ನಿಲ್ಲಬೇಡಿ. ಮೇಲೆ ಗುಂಡು ಹಾಕಿದರಂತೂ ಮಂಪರು ಇನ್ನೂ ಹೆಚ್ಚುತ್ತದೆ. ಧೂಳಿನ ಅಲರ್ಜಿಗೆಂದು ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೂ ನುಂಗಿದರೆ ಒಂದೇ ಬಗೆಯ ಔಷಧ ಎರಡು ಪಾಲು ಒಳಗೆ ಹೋದಂತೆ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ದಪ್ಪವಾಗಿ ಮೂತ್ರಕ್ಕೆ ತೊಂದರೆಯಿರುವ ಹಿರಿಯರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು.

ಎರಡನೆಯದು ಫಿನೈಲೆಫ್ರಿನ್. ಕಟ್ಟಿದ ಮೂಗು ಬಿಡಿಸಲು ಹಾಕಿರುವುದು. ಇದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿ.ಪಿ., ಹೃದಯದ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ತಮಾಷೆ ನೋಡಿ, ಬಾಯಿಂದ ನುಂಗಿದ ಫಿನೈಲೆಫ್ರಿನ್ ಮೂಗು ಬಿಡಿಸುವುದೇ ಇಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿತು!

ಮೂರನೆಯದು ಪ್ಯಾರಾಸಿಟಮಾಲ್. ದೊಡ್ಡ ಮೋಸ ಇಲ್ಲೇ ಆಗುವುದು. ನೆಗಡಿ ಮಾತ್ರೆಯಲ್ಲಿ ಇದು ಇರುವುದು ಗೊತ್ತಿಲ್ಲದೆ, ಜ್ವರಕ್ಕೆಂದು ಬೇರೆಯಾಗಿ '650' ನುಂಗುತ್ತೇವೆ. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಕೊನೆಯ ಗಡಿ. ಅದು ದಾಟಿದರೆ ಲಿವರ್‌ಗೆ ಪೆಟ್ಟು. ದಿನವೂ ಕುಡಿಯುವವರಿಗೆ, ಲಿವರ್ ಕಾಯಿಲೆ ಇರುವವರಿಗೆ ಗಡಿ ಇನ್ನೂ ಕೆಳಗೆ.

ಮಕ್ಕಳ ಮಾತು ಬೇರೆಯೇ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಮದ್ದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಅಚ್ಚು ಹಾಕಿ ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ಒಳ್ಳೆಯ ಆದೇಶ. ಆದರೆ ಯಾವ ಭಾಷೆಯಲ್ಲಿ? ರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡ ಕನ್ನಡದ ತಾಯಿ ಅದನ್ನು ಹೇಗೆ ಓದಬೇಕು?

ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕಂಪನಿ ತನ್ನ ಮೈ ಉಳಿಸಿಕೊಳ್ಳಲು ಅಂಟಿಸಿಕೊಂಡ ಚೀಟಿ ಅದು.

ಇನ್ನೊಂದು ವಿಚಿತ್ರ ಕೇಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಹೊಲಕ್ಕೆ ಹೊಡೆಯುವ ಔಷಧಿಯ ಲೇಬಲ್ ಇಂಗ್ಲಿಷ್, ಹಿಂದಿ ಜೊತೆಗೆ ಅದು ಮಾರಾಟವಾಗುವ ಸೀಮೆಯ ಭಾಷೆಯಲ್ಲೂ ಇರಬೇಕು. ಹುಳು ಕೊಲ್ಲುವ ವಿಷದ ಡಬ್ಬಿಗೆ ಕನ್ನಡ ಉಂಟು. ಮನುಷ್ಯ ನುಂಗುವ ಮಾತ್ರೆಗೆ 1945ರ ಔಷಧ ನಿಯಮಗಳು ಕನ್ನಡವನ್ನು ಕೇಳುವುದೇ ಇಲ್ಲ. ಕೆಲವು ಸ್ಟ್ರಿಪ್‌ಗಳಲ್ಲಿ ಹೆಸರನ್ನು ಹಿಂದಿಯಲ್ಲಿ ಬರೆಯಲು ಮಾತ್ರ ಜಾಗ ಸಿಕ್ಕಿದೆ!

ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಲಿ ಎಂದು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. ಸಂತೋಷ. ಆದರೆ ನಾವು ನುಂಗುವ ಬಹಳಷ್ಟು ಮಾತ್ರೆಗಳು ಬರುವುದು ಹಿಮಾಚಲ, ಉತ್ತರಾಖಂಡ, ಸಿಕ್ಕಿಂನಿಂದ. ಅವುಗಳಿಗೆ ಈ ಆದೇಶ ಮುಟ್ಟುವುದಿಲ್ಲ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧ ಚೀಟಿ ಬರೆಯಲಿ ಎಂದರು. ಅದೂ ಬೇಕು. ಆದರೆ ಚೀಟಿಯೇ ಇಲ್ಲದೆ ಕೊಳ್ಳುವ ಮಾತ್ರೆಗೆ ಚೀಟಿಯ ಭಾಷೆ ಏನು ಮಾಡೀತು? ಬದಲಾಗಬೇಕಾದದ್ದು ಕೇಂದ್ರದ ನಿಯಮ. ದೆಹಲಿಯಲ್ಲಿ ಕೂತಿರುವ ನಮ್ಮ 28 ಲೋಕಸಭಾ ಸದಸ್ಯರು ಬಾಯಿ ಬಿಡಬೇಕು.

"ಅಷ್ಟು ಚಿಕ್ಕ ಸ್ಟ್ರಿಪ್‌ನಲ್ಲಿ ಜಾಗವೆಲ್ಲಿ?" ಎನ್ನುತ್ತಾರೆ. ಕಂಪನಿಯ ಹೆಸರಿಗೆ ಜಾಗವಿದೆ, ಬಣ್ಣಕ್ಕೆ ಜಾಗವಿದೆ. ನಿದ್ದೆ ಬರುತ್ತದೆ, ಗಾಡಿ ಓಡಿಸಬೇಡಿ, ಮದ್ಯ ಬೇಡ, ಇದರಲ್ಲಿ ಪ್ಯಾರಾಸಿಟಮಾಲ್ ಇದೆ ಎಂಬ ಎರಡು ಸಾಲಿಗೆ ಜಾಗವಿಲ್ಲವೇ? "ನಿಮಗೆ ಇಂಗ್ಲಿಷ್ ಬರುತ್ತದಲ್ಲ" ಎಂದೂ ಅನ್ನುತ್ತಾರೆ. ಬರುತ್ತದೆ. ನಮ್ಮ ಅಜ್ಜಿಗೆ ಬರುತ್ತದೆಯೇ?

ಗೆಳೆಯರೇ, ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರಬೇಡಿ. ಮುಂದಿನ ಸಲ ನೆಗಡಿ ಮಾತ್ರೆ ಕೊಳ್ಳುವಾಗ ಹೆಸರು, ದಿನಾಂಕ ಇರುವ ತುಂಡನ್ನೇ ಕೇಳಿ. ಇದರಲ್ಲಿ ಪ್ಯಾರಾಸಿಟಮಾಲ್ ಇದೆಯೇ, ನಿದ್ದೆ ತರಿಸುತ್ತದೆಯೇ, ದಿನಕ್ಕೆ ಎಷ್ಟು, ಎಷ್ಟು ಗಂಟೆಗೊಮ್ಮೆ ಎಂದು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ. ಜ್ವರ ಮೂರು ದಿನ ದಾಟಿದರೆ, ಉಸಿರಾಡಲು ಕಷ್ಟವಾದರೆ ಮಾತ್ರೆ ಬಿಟ್ಟು ಡಾಕ್ಟರ ಬಳಿ ನಡೆಯಿರಿ. ಮನೆಯ ಹಿರಿಯರಿಗೆ ಮಾತ್ರೆ ತಂದುಕೊಟ್ಟರೆ, ಅದರ ಕವರಿನ ಮೇಲೆ ನಿಮ್ಮ ಕೈಯಾರೆ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದಿಡಿ.

ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಕನ್ನಡದಲ್ಲಿರಲಿ ಎಂದು ಬೀದಿಗಿಳಿದವರು ನಾವು. ಬೋರ್ಡು ತಪ್ಪಿದರೆ ಬಸ್ಸು ತಪ್ಪೀತು. ಲೇಬಲ್ ತಪ್ಪಿದರೆ ಜೀವವೇ ತಪ್ಪೀತು!